"ನಮ್ಮದನ್ನ ಬರದ್ರ ಮಾರ್ಕ್ಸ್ ಕೊಡ್ತಾರೇನ್ರಿ?": ಶಾಲಾ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ ಗೌರವಪೂರ್ವಕ ನಮಸ್ಕಾರಗಳು.

ನಾನು ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ 21 ವರ್ಷಗಳಿಂದ ಕನ್ನಡ ಕಲಿಸುತ್ತಿದ್ದೇನೆ. ವರ್ಗಾವಣೆ, ಬಡ್ತಿ ಅಥವಾ ವೇತನದ ವಿಷಯವಾಗಿ ಈ ಪತ್ರ ಬರೆಯುತ್ತಿಲ್ಲ. ಮೂರು ವರ್ಷಗಳ ಹಿಂದೆ ನನ್ನ ತರಗತಿಯ ಹುಡುಗಿಯೊಬ್ಬಳು ಕೇಳಿದ ಒಂದು ಪ್ರಶ್ನೆಗೆ ನಾನು ಉತ್ತರ ಕೊಟ್ಟಿದ್ದೇನೆ. ಆದರೆ ಆ ಉತ್ತರ ನಿಜವಾಗುವುದು ನನ್ನ ಕೈಯಲ್ಲಿಲ್ಲ, ತಮ್ಮ ಇಲಾಖೆಯ ಕೈಯಲ್ಲಿದೆ. ಅದಕ್ಕಾಗಿ ಬರೆಯುತ್ತಿದ್ದೇನೆ.

ಏಳನೆಯ ತರಗತಿಯ ಕಿರುಪರೀಕ್ಷೆಯಲ್ಲಿ "ನೀವು ಕೈಗೊಂಡ ಪ್ರವಾಸವನ್ನು ವರ್ಣಿಸಿ ನಿಮ್ಮ ಗೆಳತಿಗೆ ಅಥವಾ ಗೆಳೆಯನಿಗೆ ಒಂದು ಪತ್ರ ಬರೆಯಿರಿ" ಎಂದು ಕೇಳಿದ್ದೆ. ಸಂಜೆ ಮನೆಯಲ್ಲಿ ಉತ್ತರ ಪತ್ರಿಕೆಗಳನ್ನು ತಿದ್ದಲು ಕುಳಿತಾಗ 28 ಮಕ್ಕಳೂ ಹಂಪಿಗೆ ಹೋಗಿಬಂದಿದ್ದರು. ಎಲ್ಲರೂ ವಿರೂಪಾಕ್ಷನ ದರ್ಶನ ಪಡೆದಿದ್ದರು, ಎಲ್ಲರೂ ಕಲ್ಲಿನ ರಥ ಕಂಡು ಬೆರಗಾಗಿದ್ದರು, ಎಲ್ಲರೂ "ನಮ್ಮ ಶಿಲ್ಪಿಗಳ ಕೈಚಳಕಕ್ಕೆ ತಲೆದೂಗಿದೆವು" ಎಂಬ ಒಂದೇ ವಾಕ್ಯಕ್ಕೆ ಬಂದು ನಿಂತಿದ್ದರು. ಹಂಪಿ ನಮ್ಮೂರಿನಿಂದ ಬಸ್ಸಿನಲ್ಲಿ ಎರಡು ತಾಸಿನ ದಾರಿ. ಆದರೂ ಆ 28 ಮಕ್ಕಳಲ್ಲಿ ಅದನ್ನು ಕಣ್ಣಾರೆ ಕಂಡವರು ನಾಲ್ಕೈದು ಮಂದಿ ಮಾತ್ರ ಎಂಬುದು ನನಗೆ ಗೊತ್ತಿತ್ತು. ಉಳಿದವರು ಗೈಡಿನಲ್ಲಿದ್ದ ಪತ್ರವನ್ನು ಬಾಯಿಪಾಠ ಮಾಡಿ ಇಳಿಸಿದ್ದರು.

ಅವರಲ್ಲಿ ಒಬ್ಬ ಹುಡುಗಿ ಅದರ ಹಿಂದಿನ ವರ್ಷ ತಂದೆತಾಯಿಯ ಜೊತೆ ಗುಳೆ ಹೋಗಿ, ಬೆಂಗಳೂರಿನ ಕಟ್ಟಡ ಕಾಮಗಾರಿಯ ಜಾಗದಲ್ಲಿ ನಾಲ್ಕು ತಿಂಗಳು ತಗಡಿನ ಶೆಡ್ಡಿನಲ್ಲಿ ಬಾಳಿ ಬಂದವಳು. ತಂದೆ ಹನ್ನೊಂದನೆಯ ಮಹಡಿಯಲ್ಲಿ ಕಬ್ಬಿಣದ ಸರಳು ಕಟ್ಟುತ್ತಿದ್ದ, ತಾಯಿ ಮರಳು ಹೊರುತ್ತಿದ್ದಳು, ಇವಳು ತಮ್ಮನನ್ನು ಎತ್ತಿಕೊಂಡು ದಿನವೆಲ್ಲ ಊರು ನೋಡುತ್ತಿದ್ದಳು. ಬಿಡುವಿನ ವೇಳೆಯಲ್ಲಿ ಗೆಳತಿಯರಿಗೆ ಆ ಊರಿನ ಕಥೆಯನ್ನು ಅವಳು ಎಷ್ಟು ಸೊಗಸಾಗಿ ಹೇಳುತ್ತಿದ್ದಳೆಂದರೆ, ಕೇಳುತ್ತ ನಿಂತ ಮಕ್ಕಳು ಬಿಸಿಯೂಟದ ಸಾಲಿಗೆ ಹೋಗುವುದನ್ನೂ ಮರೆಯುತ್ತಿದ್ದರು. ಮರುದಿನ ಅವಳನ್ನು ಹತ್ತಿರ ಕರೆದು, ಇಷ್ಟೆಲ್ಲ ಕಂಡಿದ್ದೀಯಲ್ಲ, ಅದನ್ನು ಬಿಟ್ಟು ಕಾಣದ ಹಂಪಿಯನ್ನು ಏಕೆ ಬರೆದೆ ಎಂದು ಕೇಳಿದೆ. ಅವಳು ತಲೆ ತಗ್ಗಿಸಿ, "ಅದು ಪ್ರವಾಸ ಅಲ್ರಿ ಟೀಚರ್, ನಾವು ದುಡ್ಯಾಕ ಹೋಗಿದ್ವಿ. ನಮ್ಮದನ್ನ ಬರದ್ರ ಮಾರ್ಕ್ಸ್ ಕೊಡ್ತಾರೇನ್ರಿ?" ಎಂದಳು.

ಸನ್ಮಾನ್ಯರೇ, ಮಕ್ಕಳಲ್ಲಿ ಆತ್ಮವಿಶ್ವಾಸ ತುಂಬಬೇಕು, ಸೃಜನಶೀಲತೆ ಬೆಳೆಸಬೇಕು ಎಂಬ ಮಾತನ್ನು ನಾನು ಪ್ರತಿ ತರಬೇತಿಯಲ್ಲೂ ಕೇಳಿದ್ದೇನೆ, ಪ್ರತಿ ಸುತ್ತೋಲೆಯಲ್ಲೂ ಓದಿದ್ದೇನೆ, ನನ್ನ ಪಾಠಯೋಜನೆಯಲ್ಲೂ ಬರೆದಿದ್ದೇನೆ. ಆ ಹುಡುಗಿಯಲ್ಲಿ ಈ ಎರಡೂ ಮೊದಲಿನಿಂದಲೇ ಇದ್ದವು. ತನ್ನ ಬದುಕು ಶಾಲೆಯ ಹಾಳೆಯ ಮೇಲೆ ಬರೆಯತಕ್ಕದ್ದಲ್ಲ ಎಂಬುದನ್ನು ಅವಳು ಎಲ್ಲಿಂದ ಕಲಿತಳು ಎಂದು ಯೋಚಿಸುತ್ತ ಹೋದರೆ, ಕೊನೆಗೆ ನನ್ನಂಥ ಶಿಕ್ಷಕರ ಮೇಜಿನ ಬಳಿಗೇ ಬಂದು ನಿಲ್ಲಬೇಕಾಗುತ್ತದೆ.

ಹೀಗೆನ್ನಲು ಕಾರಣವಿದೆ. ಸೇವೆಗೆ ಸೇರಿದ ಎರಡನೆಯ ವರ್ಷ ಐದನೆಯ ತರಗತಿಯಲ್ಲಿ ಮಳೆ ಹೇಗೆ ಬರುತ್ತದೆ ಎಂದು ಕೇಳಿದ್ದೆ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, "ಮಳಿ ಬರೂಕಿಂತ ಮೊದ್ಲ ಇರಬಿ ತತ್ತಿ ಹೊತಗೊಂಡು ಮ್ಯಾಲ ಹೊಕ್ಕಾವ್ರಿ" ಎಂದ. ನನಗೆ ಬೇಕಾಗಿದ್ದದ್ದು ನೀರು ಆವಿಯಾಗಿ ಮೋಡವಾಗುವ ಉತ್ತರ. "ಇರಬಿ ಅಲ್ಲ, ಇರುವೆ, ಮಳಿ ಅಲ್ಲ, ಮಳೆ, ಕೇಳಿದ್ದಕ್ಕೆ ಉತ್ತರ ಹೇಳು, ಕೂತ್ಕೋ" ಎಂದೆ. ತರಗತಿ ನಕ್ಕಿತು. ಆ ಹುಡುಗ ಕುಳಿತವನು ಆ ವರ್ಷ ಮುಗಿಯುವವರೆಗೆ ಮತ್ತೆ ಎದ್ದು ನಿಲ್ಲಲಿಲ್ಲ. ಹೊಲದ ಬದುವಿನಲ್ಲಿ ಕುಕ್ಕರುಗಾಲಲ್ಲಿ ಕುಳಿತು ಇರುವೆಯ ಸಾಲನ್ನು ಗಮನಿಸಿದ ಹುಡುಗ ಅವನು. ಅವನು ಹೇಳಿದ್ದು ಮಳೆಯ ಕಾರಣವಾಗಿರಲಿಲ್ಲ, ಮಳೆಯ ಮುನ್ಸೂಚನೆಯಾಗಿತ್ತು; ಇರುವೆಗೆ ಅದು ಹೇಗೆ ತಿಳಿಯುತ್ತದೆ ಎಂದು ಮರುಪ್ರಶ್ನೆ ಹಾಕಿದ್ದರೆ ಅಂದಿನ ಪಾಠ ಅವನ ಮಾತಿನಿಂದಲೇ ಶುರುವಾಗಿ ಆವಿ, ಗಾಳಿ, ಮೋಡದವರೆಗೆ ಹೋಗಬಹುದಾಗಿತ್ತು. ಒಂದೇ ಉಸಿರಿನಲ್ಲಿ ಅವನ ನೋಟವನ್ನೂ ಅವನ ಮನೆಮಾತನ್ನೂ ತಪ್ಪೆಂದು ಕೂರಿಸಿದ್ದು ನನ್ನ ಸೇವೆಯ ದೊಡ್ಡ ತಪ್ಪು ಎಂದು ಇಂದಿಗೂ ಭಾವಿಸುತ್ತೇನೆ.

ಮನೆಮಾತಿನ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಲು ಅಪ್ಪಣೆ ಬೇಡುತ್ತೇನೆ, ಏಕೆಂದರೆ ನಮ್ಮ ಭಾಗದ ಮಕ್ಕಳು ಬಾಯಿ ತೆರೆಯಲು ಅಂಜುವುದು ಬಹುಪಾಲು ಇಲ್ಲಿಯೇ. ಪಠ್ಯಪುಸ್ತಕದ ಕನ್ನಡ ಅವರಿಗೆ ಪೂರ್ತಿ ಪರಕೀಯವೂ ಅಲ್ಲ, ಪೂರ್ತಿ ತಮ್ಮದೂ ಅಲ್ಲ. ಪಕ್ಕದ ಲಂಬಾಣಿ ತಾಂಡಾದಿಂದ ಬರುವ ಮಕ್ಕಳಿಗಂತೂ ಮನೆಯಲ್ಲಿ ಅವರ ಭಾಷೆಯಾದ ಗೋರ್ ಬೋಲಿ, ಓಣಿಯಲ್ಲಿ ನಮ್ಮ ಸೀಮೆಯ ಕನ್ನಡ, ಪುಸ್ತಕದಲ್ಲಿ ಇನ್ನೊಂದು ಕನ್ನಡ. ಒಂದನೆಯ ತರಗತಿಗೆ ಸೇರಿ ಎರಡು ತಿಂಗಳು ತುಟಿ ಬಿಚ್ಚದಿದ್ದ ತಾಂಡಾದ ಮಗುವೊಂದು, ನಾನು ಕರಿಹಲಗೆಯ ಮೇಲೆ ರೊಟ್ಟಿಯ ಚಿತ್ರ ಬರೆದ ದಿನ "ಬಾಟಿ" ಎಂದಿತು. ನಾನು ರೊಟ್ಟಿ ಎಂಬ ಪದದ ಪಕ್ಕದಲ್ಲಿಯೇ ಬಾಟಿ ಎಂದೂ ಬರೆದು ಎಲ್ಲರಿಂದ ಎರಡನ್ನೂ ಓದಿಸಿದೆ. ಮರುದಿನದಿಂದ ಆ ಮಗು ಮಾತನಾಡತೊಡಗಿತು. ಇದರಲ್ಲಿ ನನ್ನ ಜಾಣತನವೇನೂ ಇಲ್ಲ. ತನ್ನ ಅವ್ವನ ಮಾತು ಕರಿಹಲಗೆಯ ಮೇಲೆ ಕಂಡಿತು, ಅಷ್ಟೇ.

ದೊಡ್ಡ ತರಗತಿಗಳಲ್ಲಿ ಈ ಕೆಲಸ ಇನ್ನಷ್ಟು ದೂರ ಹೋಗುತ್ತದೆ ಎಂಬುದನ್ನು ಆರನೆಯ ತರಗತಿಯ ಮಕ್ಕಳೇ ನನಗೆ ತೋರಿಸಿಕೊಟ್ಟರು. ಕರಿಹಲಗೆಯನ್ನು ಎರಡು ಭಾಗ ಮಾಡಿ, ಒಂದು ಕಡೆ "ನಮ್ಮ ಮಾತು", ಇನ್ನೊಂದು ಕಡೆ "ಪುಸ್ತಕದ ಮಾತು" ಎಂದು ಬರೆದು, ಜೋಡಿಗಳನ್ನು ಹುಡುಕಿ ತರಲು ಹೇಳಿದೆ. ಮನಿ-ಮನೆ, ಮಳಿ-ಮಳೆ, ಎಲಿ-ಎಲೆ, ತಲಿ-ತಲೆ, ಹೊಳಿ-ಹೊಳೆ ಎಂದು ಪಟ್ಟಿ ಬೆಳೆಯಿತು. ಮೂರನೆಯ ದಿನ ಒಬ್ಬಳು, ಪುಸ್ತಕದಲ್ಲಿ ಎಕಾರದಿಂದ ಮುಗಿಯುವ ಪದಗಳು ನಮ್ಮ ಬಾಯಲ್ಲಿ ಇಕಾರವಾಗುತ್ತವೆ ಎಂಬ ನಿಯಮವನ್ನು ತಾನೇ ಕಂಡು ಹೇಳಿದಳು. ಇಷ್ಟಕ್ಕೇ ನಾನು ಹಿಗ್ಗಿದ್ದೆ. ಅಷ್ಟರಲ್ಲಿ, ಪರೀಕ್ಷೆಗಳಲ್ಲಿ ಎಂದೂ ಹತ್ತಕ್ಕೆ ನಾಲ್ಕು ದಾಟದ ಹುಡುಗನೊಬ್ಬ, "ಹಂಗಾರ ಪುಸ್ತಕದಾಗ ನರಿಗೆ ನರೆ ಅಂತಾರೇನ್ರಿ?" ಎಂದು ಕೇಳಿದ. ಇಡೀ ತರಗತಿ ಒಂದು ಕ್ಷಣ ಸುಮ್ಮನಾಯಿತು. ನರಿ ಎರಡು ಕಡೆಯೂ ನರಿಯೇ. ಗಿಳಿ, ಕುರಿ, ಹುಲಿ ಎಲ್ಲವೂ ಎರಡು ಕಡೆಯೂ ಹಾಗೆಯೇ. ಹಾಗಾದರೆ ನಿಯಮ ಒಂದೇ ದಿಕ್ಕಿನಲ್ಲಿ ನಡೆಯುತ್ತದೆ. ಪುಸ್ತಕದ ಮಾತಿನಿಂದ ನಮ್ಮ ಮಾತಿಗೆ ಬರಬಹುದು, ನಮ್ಮ ಮಾತಿನಿಂದ ಪುಸ್ತಕದ ಮಾತಿಗೆ ಹೋಗಬೇಕಾದರೆ ಪ್ರತಿ ಪದವನ್ನೂ ತಿಳಿದಿರಬೇಕು. ನಮ್ಮಲ್ಲಿ "ಕರಿ" ಎಂದರೆ ಕಪ್ಪೂ ಹೌದು, ಕೂಗುವುದೂ ಹೌದು. ಪುಸ್ತಕದಲ್ಲಿ ಮಾತ್ರ ಕರಿ ಬೇರೆ, ಕರೆ ಬೇರೆ. ಕಾಗುಣಿತದ ತಪ್ಪು ತಮಗೆ ಎಲ್ಲಿ, ಏಕೆ ಆಗುತ್ತದೆ ಎಂಬುದನ್ನು ಆ ಮಕ್ಕಳು ಅಂದು ತಾವೇ ಕಂಡುಕೊಂಡರು. ನಿಯಮವನ್ನು ತಿರುಗಿಸಿ ಪರೀಕ್ಷಿಸಿದ ಆ ಹುಡುಗ ಮಾಡಿದ್ದು ಭಾಷಾ ವಿಜ್ಞಾನಿ ಮಾಡುವ ಕೆಲಸವನ್ನೇ. ಅವನ ಪ್ರಗತಿ ಪತ್ರದಲ್ಲಿ ಇದನ್ನು ನಮೂದಿಸಲು ನನಗೆ ಯಾವ ಕಾಲಮೂ ಸಿಗಲಿಲ್ಲ.

ಧಾರವಾಡದ ಆಡುಮಾತನ್ನು ಕಾವ್ಯಕ್ಕೆ ತಂದ ಬೇಂದ್ರೆಯವರಿಗೆ 1973ರ, ಬೆಳಗಾವಿ ಸೀಮೆಯ ಮಾತಿನಲ್ಲಿ ನಾಟಕ ಕಟ್ಟಿದ ಕಂಬಾರರಿಗೆ 2010ರ ಜ್ಞಾನಪೀಠ ಪ್ರಶಸ್ತಿ ಬಂದುದನ್ನು ನಾವು ಶಾಲೆಯ ಗೋಡೆಯ ಮೇಲೆ ಹೆಮ್ಮೆಯಿಂದ ಬರೆಸುತ್ತೇವೆ. ಅದೇ ಗೋಡೆಯ ಕೆಳಗೆ ಕುಳಿತ ಮಗು ಅಂಥದೇ ಮಾತಿನಲ್ಲಿ ಉತ್ತರ ಹೇಳಿದರೆ "ಸರಿಯಾಗಿ ಮಾತಾಡು" ಎನ್ನುತ್ತೇವೆ. ಈ ವಿರೋಧವನ್ನು ನನ್ನ ಮಕ್ಕಳಿಗೆ ವಿವರಿಸಲು ನನಗೆ ಸಾಧ್ಯವಾಗಿಲ್ಲ.

ಹಾಗೆಂದು ಶಿಷ್ಟ ಕನ್ನಡ ಬೇಡ, ತಿದ್ದುವುದು ಬೇಡ ಎಂದು ನಾನು ವಾದಿಸುತ್ತಿಲ್ಲ. ಅರ್ಜಿ ಬರೆಯಲು, ಪತ್ರಿಕೆ ಓದಲು, ಮುಂದೆ ಕಚೇರಿಯಲ್ಲಿ ತಲೆಯೆತ್ತಿ ನಿಲ್ಲಲು ಅದು ಬೇಕೇ ಬೇಕು, ಮತ್ತು ಬಡವರ ಮಕ್ಕಳಿಗೆ ಅದನ್ನು ಕಲಿಸಿಕೊಡಲು ನಮ್ಮ ಶಾಲೆಯ ಹೊರತು ಬೇರೆ ಜಾಗವಿಲ್ಲ. ತಿದ್ದುವುದು ಯಾವಾಗ ಎಂಬುದಷ್ಟೇ ನನ್ನ ಪ್ರಶ್ನೆ. ಮಗು ಮಾತನಾಡುತ್ತಿರುವಾಗ ನಾನು ಈಗ ತಿದ್ದುವುದಿಲ್ಲ, ಮೊದಲ ಸಲ ಬರೆದುಕೊಂಡು ಬಂದಾಗಲೂ ಕೆಂಪು ಪೆನ್ನು ಮುಟ್ಟುವುದಿಲ್ಲ. ಬರೆದದ್ದನ್ನು ಓದಿ ಅದರೊಳಗಿನ ಸಂಗತಿಯ ಬಗ್ಗೆ ಒಂದು ಪ್ರಶ್ನೆ ಕೇಳುತ್ತೇನೆ. ಮಗು ಎರಡನೆಯ ಸಲ ಬರೆಯುವಾಗ ಅರ್ಧದಷ್ಟು ತಪ್ಪುಗಳು ತಾವಾಗಿಯೇ ಹೋಗಿರುತ್ತವೆ. ಉಳಿದವನ್ನು ಇಬ್ಬರೂ ಕುಳಿತು ಸರಿಪಡಿಸುತ್ತೇವೆ. ಇದಕ್ಕೆ ಬೇಕಾದದ್ದು ಸಮಯ. ಅದೊಂದೇ ನಮ್ಮಲ್ಲಿಲ್ಲ, ಆ ಮಾತಿಗೆ ಮುಂದೆ ಬರುತ್ತೇನೆ.

ನಮ್ಮ ಶಾಲೆಯಲ್ಲಿ ಒಂದು ಗೋಡೆ ಪತ್ರಿಕೆ ಇತ್ತು. ವರಾಂಡದ ಗೋಡೆಗೆ ಹಗ್ಗ ಕಟ್ಟಿ, ಮಕ್ಕಳು ಹದಿನೈದು ದಿನಕ್ಕೊಮ್ಮೆ ತಾವು ಬರೆದದ್ದನ್ನು ಕ್ಲಿಪ್ಪಿನಲ್ಲಿ ಸಿಕ್ಕಿಸುತ್ತಿದ್ದರು. ಊರ ಜಾತ್ರೆಯ ತೇರಿನ ಗಾಲಿ ಹೂತುಕೊಂಡ ಸುದ್ದಿ, ಅಜ್ಜಿ ಹೇಳಿದ ಒಗಟುಗಳು, ಕರು ಹಾಕಿದ ಎಮ್ಮೆಯ ಚಿತ್ರ, ಬೋರ್‌ವೆಲ್ ಕೆಟ್ಟು ಎಂಟು ದಿನವಾಯಿತು ಎಂಬ ದೂರು, ಎಲ್ಲವೂ ಅದರಲ್ಲಿ ಬರುತ್ತಿದ್ದವು. ಶಾಲೆಗೆ ಭೇಟಿ ನೀಡಿದ ಅಧಿಕಾರಿಯೊಬ್ಬರು ಅದರ ಮುಂದೆ ನಿಂತು ಕಾಗುಣಿತದ ತಪ್ಪುಗಳನ್ನು ಎಣಿಸಿದರು. ತಪ್ಪು ಕನ್ನಡವನ್ನು ಪ್ರದರ್ಶನಕ್ಕಿಡುವುದು ಶಾಲೆಗೆ ಶೋಭೆಯಲ್ಲ ಎಂದು ಸಂದರ್ಶನ ಪುಸ್ತಕದಲ್ಲಿ ಬರೆದು ಹೋದರು. ಅವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ನಾನೂ ಎದುರಾಡದೆ ಹಾಳೆಗಳನ್ನು ತೆಗೆದೆ. ಮುಂದಿನ ಹದಿನೈದು ದಿನಕ್ಕೆ ಮಕ್ಕಳು ತಂದ ಹಾಳೆಗಳಲ್ಲಿ ಒಂದೇ ಒಂದು ತಪ್ಪಿರಲಿಲ್ಲ, ಏಕೆಂದರೆ ಎಲ್ಲವನ್ನೂ ಪಠ್ಯಪುಸ್ತಕದಿಂದ ನಕಲು ಮಾಡಿದ್ದರು. ಎಮ್ಮೆಯೂ ಇರಲಿಲ್ಲ, ಬೋರ್‌ವೆಲ್ಲೂ ಇರಲಿಲ್ಲ. ಆ ಪತ್ರಿಕೆಯನ್ನು ಮತ್ತೆ ಜೀವಂತಗೊಳಿಸಲು ನನಗೆ ಒಂದು ವರ್ಷ ಹಿಡಿಯಿತು.

ನಮ್ಮ ರಾಜ್ಯಕ್ಕೆ ಇದೆಲ್ಲ ಹೊಸದಲ್ಲ ಎಂಬುದನ್ನು ತಮಗೆ ನೆನಪಿಸಬೇಕಾಗಿಲ್ಲ. ಆಂಧ್ರದ ಋಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು 1995ರಲ್ಲಿ ಯುನಿಸೆಫ್ ನೆರವಿನಿಂದ ಆರಂಭಿಸಿದ ನಲಿ ಕಲಿ, ಅಂದರೆ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ಚಟುವಟಿಕೆಗಳ ಮೂಲಕ ಕಲಿಯುವ ಪದ್ಧತಿ, ಮುಂದೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಮಗುವಿನ ಕೈಗೆಟುಕುವ ಎತ್ತರದಲ್ಲಿ ಗೋಡೆಗೆ ಬರೆಯುವ ಹಲಗೆ, ತಲೆಯ ಮೇಲೆ ಮಕ್ಕಳದೇ ಚಿತ್ರಗಳು ತೂಗುವ ಚಪ್ಪರ, ಒಬ್ಬೊಬ್ಬರೂ ತಮ್ಮ ಗತಿಯಲ್ಲಿ ಏರುವ ಕಲಿಕಾ ಏಣಿ, "ತಟ್ಟೆ" ಎಂದು ಕರೆಯುವ ಗುಂಪುಗಳಲ್ಲಿ ಶಿಕ್ಷಕರ ನೆರವಿನ ತಟ್ಟೆಯಿಂದ ಸಹಪಾಠಿಗಳ ನೆರವಿನ ತಟ್ಟೆಗೆ, ಅಲ್ಲಿಂದ ಸ್ವಂತ ಕಲಿಕೆಯ ತಟ್ಟೆಗೆ ಸಾಗುವ ದಾರಿ. ಅಲ್ಲಿ ಮೊದಲನೆಯವರಿಲ್ಲ, ಕೊನೆಯವರಿಲ್ಲ. ಕಲಿಕಾ ಕಾರ್ಡುಗಳ ಕೊರತೆ, ಒಬ್ಬರೇ ಶಿಕ್ಷಕರು ಮೂರು ತರಗತಿಗಳನ್ನು ನೋಡಿಕೊಳ್ಳುವ ಕಷ್ಟ ಇವೆಲ್ಲ ಇದ್ದರೂ, ನಲಿ ಕಲಿಯ ಕೋಣೆಯಲ್ಲಿ ಅಂಜಿ ಕುಳಿತ ಮಗುವನ್ನು ನಾನು ಕಂಡದ್ದು ಅಪರೂಪ. ಅದೇ ಮಗು ನಾಲ್ಕನೆಯ ತರಗತಿಗೆ ಕಾಲಿಟ್ಟ ದಿನ ಬೆಂಚುಗಳು ಸಾಲಾಗಿ ನಿಲ್ಲುತ್ತವೆ, ಹಲಗೆ ಮೇಲಕ್ಕೆ ಹೋಗುತ್ತದೆ, ಕೈ ಕಟ್ಟಿ ಕೂರುವುದು ಶಿಸ್ತೆನಿಸುತ್ತದೆ. ಜೂನ್ ತಿಂಗಳಲ್ಲಿ ನಾಲ್ಕನೆಯ ತರಗತಿಯ ಮಕ್ಕಳ ಮುಖವನ್ನು ಒಮ್ಮೆ ನೋಡಿದರೆ ನಾನು ಹೇಳುತ್ತಿರುವುದು ತಮಗೇ ಅರಿವಾಗುತ್ತದೆ. ಮೂರು ವರ್ಷ ಕಟ್ಟಿದ ಧೈರ್ಯವನ್ನು ಒಂದೇ ತಿಂಗಳಲ್ಲಿ ಇಳಿಸುವ ಈ ಏರ್ಪಾಡಿನ ಬಗ್ಗೆ ಇಲಾಖೆಯಲ್ಲಿ ಗಂಭೀರ ಚರ್ಚೆ ನಡೆಯಬೇಕು.

ಸೃಜನಶೀಲತೆ ಎಂದೊಡನೆ ನಮ್ಮಲ್ಲಿ ಪ್ರತಿಭಾ ಕಾರಂಜಿಯ ಹೆಸರು ಬರುತ್ತದೆ. ಹಳ್ಳಿಯ ಮಗು ಕ್ಲಸ್ಟರ್ ಮಟ್ಟದಿಂದ ರಾಜ್ಯ ಮಟ್ಟದವರೆಗೆ ವೇದಿಕೆ ಏರಬಹುದೆಂಬುದು ದೊಡ್ಡ ಸಂಗತಿ. ಅದನ್ನು ನಾನು ಲಘುವಾಗಿ ಕಾಣುವುದಿಲ್ಲ. ಆದರೆ ಸ್ಪರ್ಧೆಗಳು ಹತ್ತಿರವಾದಂತೆ ನಾವು ಆಗಲೇ ಚುರುಕಾಗಿರುವ ಹದಿನೈದಿಪ್ಪತ್ತು ಮಕ್ಕಳನ್ನು ಆರಿಸಿ, ಕಂಠಪಾಠ, ಛದ್ಮವೇಷ, ಆಶುಭಾಷಣಗಳಿಗೆ ತಯಾರು ಮಾಡುತ್ತೇವೆ. ಆಶುಭಾಷಣವನ್ನೂ ಬರೆದುಕೊಟ್ಟು ಬಾಯಿಪಾಠ ಮಾಡಿಸುತ್ತೇವೆ ಎಂಬುದನ್ನು ನೋವಿನಿಂದಲೇ ಹೇಳಬೇಕು. ಉಳಿದ ನೂರೈವತ್ತು ಮಕ್ಕಳು ಅಂದು ಶಾಮಿಯಾನದ ಕೆಳಗೆ ಕುಳಿತು ಚಪ್ಪಾಳೆ ತಟ್ಟುತ್ತಾರೆ.

ಅದಕ್ಕೆ ಹೋಲಿಸಿದರೆ ನಮ್ಮ ಮಣ್ಣೆತ್ತಿನ ಅಮವಾಸ್ಯೆಯಲ್ಲಿ ತೀರ್ಪುಗಾರರಿಲ್ಲ. ಊರಿನ ಪ್ರತಿ ಮನೆಯಲ್ಲೂ ಮಕ್ಕಳು ಮಣ್ಣಿನ ಎತ್ತು ಮಾಡುತ್ತಾರೆ. ಒಂದು ವರ್ಷ ಆ ವಾರ ತರಗತಿಗೆ ಮಣ್ಣು ತರಿಸಿದೆ. ನಾಲ್ಕನೆಯ ತರಗತಿಯಲ್ಲಿದ್ದರೂ ಒತ್ತಕ್ಷರ ಓದಲಾಗದ ಹುಡುಗನೊಬ್ಬ ಅಂದು ಇಡೀ ತರಗತಿಗೆ ಗುರುವಾದ. ಮಣ್ಣನ್ನು ಎಷ್ಟು ಹೊತ್ತು ತುಳಿಯಬೇಕು, ಕೊಂಬಿಗೆ ಒಳಗೆ ಕಡ್ಡಿ ಹೇಗೆ ಇಡಬೇಕು, ಹಿಣಿಲು ಯಾವಾಗ ಕೂರಿಸಬೇಕು ಎಂದು ಹೇಳುತ್ತ, "ಬಿಸಲಾಗ ಇಡಬ್ಯಾಡ್ರಿ, ಸೀಳು ಬಿಡ್ತಾವ, ನೆಳ್ಳಾಗ ಇಡ್ರಿ" ಎಂದು ನನಗೂ ಎಚ್ಚರಿಸಿದ. ಅವನು ಹೇಳಿದ್ದನ್ನು ಉಳಿದವರು ಒಂದೊಂದು ಕಾರ್ಡಿನಲ್ಲಿ ಒಂದೊಂದು ವಾಕ್ಯವಾಗಿ ಬರೆದರು. ಮಧ್ಯಾಹ್ನ ಎಲ್ಲರೂ ಆಟಕ್ಕೆ ಹೋದ ಮೇಲೆ ಆ ಹುಡುಗ ಒಬ್ಬನೇ ಕುಳಿತು ಕಾರ್ಡುಗಳ ಮೇಲೆ ಬೆರಳಿಟ್ಟು ಅಕ್ಷರ ಕೂಡಿಸುತ್ತಿದ್ದ. ನನ್ನನ್ನು ಕಂಡು, "ಇದು ನಾ ಹೇಳಿದ್ದೈತ್ರಿ" ಎಂದ. ನಾಲ್ಕು ವರ್ಷ ಯಾವ ಪಾಠವೂ ಅವನನ್ನು ಹಾಗೆ ಕೂರಿಸಿರಲಿಲ್ಲ. ಒತ್ತಕ್ಷರ ಅವನಿಗೆ ಬಂದದ್ದು ಆ ಕಾರ್ಡುಗಳಿಂದ.

ಮಗುವಿನ ಮಾತಿಗೆ ಫಲ ಸಿಕ್ಕಿದರೆ ಏನಾಗುತ್ತದೆ ಎಂಬುದನ್ನು ನಾನು ಮಕ್ಕಳ ಗ್ರಾಮಸಭೆಯಲ್ಲಿ ಕಂಡೆ. ಸಭೆಗೆ ಕರೆದೊಯ್ಯುವ ಮುನ್ನ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಟ್ಟಿದ್ದೆವು. ಪರಿಸರ ಸಂರಕ್ಷಣೆ, ಪ್ಲಾಸ್ಟಿಕ್ ನಿಷೇಧ, ಯಾರಿಗೂ ಮುಜುಗರವಾಗದಂಥ ಪ್ರಶ್ನೆಗಳು. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಚೀಟಿಯನ್ನು ಮಡಿಸಿ ಮುಷ್ಟಿಯಲ್ಲಿ ಹಿಡಿದುಕೊಂಡೇ ಎದ್ದು, "ನಮ್ಮ ಸಾಲ್ಯಾಗಿನ ಪಾಯಖಾನಿಗೆ ಒಳಗಿಂದ ಚಿಲಕ ಇಲ್ರಿ. ಒಬ್ಬಾಕಿ ಒಳಗ ಹೋದ್ರ ಇನ್ನೊಬ್ಬಾಕಿ ಹೊರಗ ಬಾಗ್ಲ ಹಿಡ್ಕೊಂಡು ನಿಲ್ಲಬೇಕ್ರಿ" ಎಂದಳು. ಸಭೆಯಲ್ಲಿ ಮೌನ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಬರೆದುಕೊಂಡರು, ಎಂಟೇ ದಿನಗಳಲ್ಲಿ ಎರಡು ಬಾಗಿಲಿಗೂ ಚಿಲಕ ಬಂದವು. ನಾವು ಶಿಕ್ಷಕಿಯರು ವರ್ಷಗಟ್ಟಲೆ ಆ ಬಾಗಿಲನ್ನು ನೋಡುತ್ತಲೇ ಇದ್ದೆವು. ಆ ಚಿಲಕದ ನಂತರ ಹೆಣ್ಣುಮಕ್ಕಳು ತರಗತಿಯಲ್ಲಿ ಕೇಳುವ ಪ್ರಶ್ನೆಗಳ ಸಂಖ್ಯೆಯೇ ಹೆಚ್ಚಿತು. ಆತ್ಮವಿಶ್ವಾಸದ ಮೇಲೆ ನಾನು ಮಾಡಿದ ಯಾವ ಉಪನ್ಯಾಸದಿಂದಲೂ ಹಾಗಾಗಿರಲಿಲ್ಲ.

ಇನ್ನು ಸಮಯದ ಮಾತು. ಹಾಲು, ಮೊಟ್ಟೆ, ಬಿಸಿಯೂಟದ ಲೆಕ್ಕ, ಪ್ರತಿ ವಿದ್ಯಾರ್ಥಿಯ ವಿವರವನ್ನು ಆನ್‌ಲೈನಿನಲ್ಲಿ ತುಂಬುವ ಎಸ್‌ಎಟಿಎಸ್ ದಾಖಲೆ, ರೂಪಣಾತ್ಮಕ ಮತ್ತು ಸಂಕಲನಾತ್ಮಕ ಮೌಲ್ಯಮಾಪನಗಳ ಅಂಕ ಭರ್ತಿ, ದಿನಾಚರಣೆಗಳ ಫೋಟೊ ಅಪ್‌ಲೋಡ್, ವಾಟ್ಸ್‌ಆ್ಯಪ್ ಗುಂಪಿನಲ್ಲಿ "ತುರ್ತು" ಎಂದು ಬರುವ ನಮೂನೆಗಳು. ಮಕ್ಕಳಿಗೆ ಆಹಾರ ಸಿಗುವುದು ಮುಖ್ಯ, ಲೆಕ್ಕ ಪಾರದರ್ಶಕವಾಗಿರುವುದೂ ಮುಖ್ಯ. ಆದರೆ ಮಗು ಮಾತನಾಡುತ್ತಿರುವಾಗ ಅದರ ಮುಖ ನೋಡಬೇಕಾದ ಶಿಕ್ಷಕಿ, ಮೊಬೈಲಿನಲ್ಲಿ ಅದೇ ಮಗುವಿನ ಫೋಟೊ ಸರಿಯಾಗಿ ಬಂದಿದೆಯೇ ಎಂದು ನೋಡುವ ಸ್ಥಿತಿ ಬಂದಿದೆ. ಬ್ಯಾಗ್ ಇಲ್ಲದ ಸಂಭ್ರಮ ಶನಿವಾರದಂಥ ಒಳ್ಳೆಯ ಯೋಜನೆ ಕೂಡ ಎಷ್ಟೋ ಕಡೆ ಫೋಟೊ ತೆಗೆದು ಕಳಿಸುವಲ್ಲಿಗೆ ಮುಗಿಯುತ್ತಿದೆ.

ಎಸ್‌ಎಸ್‌ಎಲ್‌ಸಿ ಫಲಿತಾಂಶದ ಜಿಲ್ಲಾವಾರು ಪಟ್ಟಿಯಲ್ಲಿ 2024ರಲ್ಲಿ ಯಾದಗಿರಿ, 2025ರಲ್ಲಿ ಕಲಬುರಗಿ ಕೊನೆಯಲ್ಲಿದ್ದವು. ನಮ್ಮ ಭಾಗದ ಪ್ರತಿಯೊಬ್ಬ ಶಿಕ್ಷಕರಿಗೂ ಆ ಪಟ್ಟಿಯ ಬಿಸಿ ತಟ್ಟುತ್ತದೆ. ಒತ್ತಡ ಮೇಲಿನಿಂದ ಕೆಳಗಿಳಿದು, ಹತ್ತನೆಯ ತರಗತಿಗೆಂದು ಹುಟ್ಟಿದ ಪಾಸಿಂಗ್ ಪ್ಯಾಕೇಜ್ ಈಗ ಎಂಟನೆಯ ತರಗತಿಯ ಬಾಗಿಲಿಗೂ ಬಂದಿದೆ: ಬರುವ ಪ್ರಶ್ನೆಗಳು ಇವಿಷ್ಟು, ಉತ್ತರಗಳು ಇವಿಷ್ಟು, ಇದಕ್ಕಿಂತ ಹೆಚ್ಚು ಯೋಚಿಸಬೇಡ. ಅಂಚಿನಲ್ಲಿರುವ ಮಗುವನ್ನು ದಡ ಸೇರಿಸಲು ಇದು ನೆರವಾಗುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಿನ್ನ ಸ್ವಂತ ಮಾತಿಗೆ ಬೆಲೆಯಿಲ್ಲ, ಅಚ್ಚಾದ ಮಾತಿಗೆ ಮಾತ್ರ ಬೆಲೆ ಎಂದು ಎಂಟು ವರ್ಷ ಕಲಿಸಿದ ಮೇಲೆ, ಒಂಬತ್ತನೆಯ ವರ್ಷ ಆ ಮಗು ತಿರುವು ಹಾಕಿದ ಪ್ರಶ್ನೆಯ ಮುಂದೆ ಕೈಚೆಲ್ಲಿ ಕುಳಿತರೆ ತಪ್ಪು ಯಾರದು? ಫಲಿತಾಂಶ ಸುಧಾರಿಸಲು ನಾವು ಹಿಡಿದ ದಾರಿಯೇ ಫಲಿತಾಂಶವನ್ನು ಕೆಳಗೆಳೆಯುತ್ತಿದೆ ಎಂದು ನನ್ನ ಅನುಭವ ಹೇಳುತ್ತದೆ.

ಸನ್ಮಾನ್ಯರೇ, 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಪ್ರಕರಣವು ಪಠ್ಯಕ್ರಮ ಮತ್ತು ಮೌಲ್ಯಮಾಪನ ಎರಡೂ ಮಗುವನ್ನು ಭಯ, ಆಘಾತ, ಆತಂಕಗಳಿಂದ ಮುಕ್ತಗೊಳಿಸಿ, ತನ್ನ ಅನಿಸಿಕೆಯನ್ನು ಮುಕ್ತವಾಗಿ ಹೇಳಲು ನೆರವಾಗಬೇಕೆಂದು ವಿಧಿಸಿದೆ. ನಾನು ಕೇಳುತ್ತಿರುವುದು ಅದರ ಆಚೆಗಿನದೇನೂ ಅಲ್ಲ. ಭಾಷಾ ಪತ್ರಿಕೆಗಳ ಮಾದರಿ ಉತ್ತರಗಳಲ್ಲಿ ಪತ್ರದ ವಿಳಾಸಕ್ಕೆ ಇಷ್ಟು, ಒಕ್ಕಣೆಗೆ ಇಷ್ಟು, ಒಡಲಿಗೆ ಇಷ್ಟು ಎಂದು ಅಂಕ ಹಂಚಿರುತ್ತಾರೆ. ಆ ಮೌಲ್ಯಮಾಪಕರ ಸೂಚನೆಗಳಲ್ಲಿಯೇ, ವಿದ್ಯಾರ್ಥಿಯು ಸ್ವಂತ ಅನುಭವವನ್ನು ಸ್ವಂತ ವಾಕ್ಯಗಳಲ್ಲಿ ಬರೆದಿದ್ದರೆ ಅದನ್ನು ಮಾದರಿ ಉತ್ತರಕ್ಕೆ ಸಮನಾಗಿ ಪರಿಗಣಿಸಿ ಪೂರ್ಣ ಅಂಕ ನೀಡತಕ್ಕದ್ದು, ಪ್ರಾದೇಶಿಕ ಪದರೂಪಗಳಿಗಾಗಿ ಅಂಕ ಕಳೆಯಕೂಡದು ಎಂಬ ಒಂದು ಸ್ಪಷ್ಟ ಸಾಲನ್ನು ಸೇರಿಸಬೇಕೆಂದು ವಿನಂತಿಸುತ್ತೇನೆ. ಅದು ಮಂಡಳಿಯ ಪರೀಕ್ಷೆಗೂ ಅನ್ವಯಿಸಬೇಕು, ಏಕೆಂದರೆ ಕೆಳಗಿನ ತರಗತಿಗಳೆಲ್ಲ ಕಣ್ಣಿಟ್ಟಿರುವುದು ಅತ್ತಲೇ. ಜೊತೆಗೆ, ನಾಲ್ಕರಿಂದ ಎಂಟನೆಯ ತರಗತಿಯವರೆಗೆ ವಾರಕ್ಕೆ ಎರಡು ಅವಧಿಯನ್ನು ಅಂಕವಿಲ್ಲದ, ವರದಿಯಿಲ್ಲದ, ಫೋಟೊ ಕೇಳದ ಅವಧಿಗಳೆಂದು ವೇಳಾಪಟ್ಟಿಯಲ್ಲಿಯೇ ಗುರುತಿಸಿ ನಮಗೆ ಬಿಟ್ಟುಕೊಡಿ. ಶಾಲೆಗೆ ಭೇಟಿ ನೀಡುವ ಅಧಿಕಾರಿಗಳು ಮಗ್ಗಿ ಕೇಳಲಿ, ಕಾಗುಣಿತ ಬರೆಸಲಿ. ಅದರ ಜೊತೆಗೆ ನಿನಗೆ ಏನು ಕೇಳಬೇಕೆನಿಸುತ್ತದೆ ಎಂದು ಒಂದು ಮಗುವನ್ನಾದರೂ ಕೇಳಿ, ಆ ಪ್ರಶ್ನೆಯನ್ನು ಮಗುವಿನ ಮಾತಿನಲ್ಲಿಯೇ ಸಂದರ್ಶನ ಪುಸ್ತಕದಲ್ಲಿ ಬರೆದು ಹೋಗಲಿ.

ಈಗ ಆ ಹುಡುಗಿಯ ವಿಷಯ. ಅಂದು ನಾನು ಅವಳಿಗೆ, "ಕೊಡ್ತಾರ, ನೀ ಬರಿ" ಎಂದೆ. ಅವಳು ಮರುದಿನ ಎರಡು ಪುಟದ ಪತ್ರ ತಂದಳು. ವಿಳಾಸದ ಜಾಗದಲ್ಲಿ "ತಗಡಿನ ಶೆಡ್ಡು, ನಂಬರ್ ಇಲ್ಲ, ಬೆಂಗಳೂರು" ಎಂದು ಬರೆದಿದ್ದಳು. ಹನ್ನೊಂದನೆಯ ಮಹಡಿಯಿಂದ ರಾತ್ರಿ ಕಾಣುವ ದೀಪಗಳು ನಮ್ಮೂರ ಹೊಲದ ಮೇಲಿನ ಚಿಕ್ಕಿಗಳು ಕೆಳಗೆ ಬಿದ್ದಂತೆ ಇದ್ದವು ಎಂದಿದ್ದಳು. ಕೊನೆಗೆ, "ನಮ್ಮ ಅಪ್ಪ ಕಟ್ಟಿದ ಮನಿಯೊಳಗ ಯಾರು ಇರ್ತಾರ ನಮಗ ಗೊತ್ತಿಲ್ಲ, ನಾವು ಯಾರಂತ ಅವರಿಗೂ ಗೊತ್ತಿಲ್ಲ" ಎಂದು ಮುಗಿಸಿದ್ದಳು. ಇಪ್ಪತ್ತೊಂದು ವರ್ಷಗಳಲ್ಲಿ ನಾನು ಓದಿದ ಸಾವಿರಾರು ಉತ್ತರಗಳಲ್ಲಿ ಅಂಥ ವಾಕ್ಯ ಮತ್ತೊಂದಿಲ್ಲ. ಹತ್ತಕ್ಕೆ ಹತ್ತು ಕೊಟ್ಟೆ. ಅಂದಿನಿಂದ ಅವಳು ಯಾವ ಪ್ರಬಂಧವನ್ನೂ ಗೈಡಿನಿಂದ ಬರೆದಿಲ್ಲ ಎಂದು ಅವಳ ಪ್ರೌಢಶಾಲೆಯ ಶಿಕ್ಷಕಿ ನನಗೆ ಹೇಳಿದ್ದಾರೆ.

ಅವಳು ಈಗ ಹತ್ತನೆಯ ತರಗತಿಯಲ್ಲಿದ್ದಾಳೆ. ಮುಂದಿನ ಪರೀಕ್ಷೆಯಲ್ಲಿ ಅವಳ ಉತ್ತರ ಪತ್ರಿಕೆ ಯಾವ ಜಿಲ್ಲೆಯ ಯಾವ ಮೌಲ್ಯಮಾಪನ ಕೇಂದ್ರಕ್ಕೆ ಹೋಗುತ್ತದೆಯೋ, ಅದನ್ನು ತಿದ್ದುವ ಶಿಕ್ಷಕರ ಕೈಯಲ್ಲಿರುವ ಸೂಚನೆಯ ಹಾಳೆಯಲ್ಲಿ ಏನಿರುತ್ತದೆಯೋ ನನಗೆ ತಿಳಿಯದು. "ಕೊಡ್ತಾರ" ಎಂದು ಮೂರು ವರ್ಷಗಳ ಹಿಂದೆ ತಮ್ಮ ಇಲಾಖೆಯ ಪರವಾಗಿ ನಾನು ಅವಳಿಗೆ ಮಾತು ಕೊಟ್ಟಿದ್ದೇನೆ. ಆ ಸೂಚನೆಯ ಹಾಳೆ ಅಚ್ಚಾಗುವ ಮುನ್ನ ತಾವು ಈ ಪತ್ರವನ್ನು ಓದಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಕುಷ್ಟಗಿ ತಾಲ್ಲೂಕಿನ ಒಬ್ಬ ಕನ್ನಡ ಶಿಕ್ಷಕಿ